ಕೆಲಸ ಕೀಳುವ ಮೊದಲು ಅಧಿಕಾರ ಕಿತ್ತುಕೊಳ್ಳಿ

ಸಂಪಾದಕರೇ,

ಹೆಂಗಸರ ಬಗ್ಗೆ, ಜಾತಿ ಬಗ್ಗೆ, ಬೇರೆ ಭಾಷೆಯವರ ಬಗ್ಗೆ ಕೆಟ್ಟದಾಗಿ ಬರೆದವರನ್ನು ಕಂಪನಿಗಳು ಕೂಡಲೇ ಮನೆಗೆ ಕಳಿಸಬೇಕು ಅನ್ನುವ ವಾದ ಡೊಂಬಿವಲಿ ಲೋಕಲ್‌ನಲ್ಲೂ ಕೇಳಿಬರುತ್ತಿದೆ. ನಾನು ಒಪ್ಪುವುದಿಲ್ಲ. ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ.

2017ರಲ್ಲಿ ಗೂಗಲ್ ತನ್ನ ಇಂಜಿನಿಯರ್ ಜೇಮ್ಸ್ ಡಾಮೋರ್ ಅವರನ್ನು ತೆಗೆದುಹಾಕಿತು. ಟೆಕ್ ಕೆಲಸಗಳಲ್ಲಿ ಹೆಂಗಸರು ಕಮ್ಮಿ ಇರುವುದಕ್ಕೆ ಹುಟ್ಟಿನಿಂದ ಬಂದ ವ್ಯತ್ಯಾಸವೂ ಒಂದು ಕಾರಣ ಇರಬಹುದು ಅಂತ ಅವರು ಆಫೀಸಿನೊಳಗೆ ಬರೆದು ಹಂಚಿದ್ದರು. ಹಾಗೆ ತೆಗೆದದ್ದು ಕಾನೂನಿಗೆ ವಿರುದ್ಧವಲ್ಲ ಅಂತ ಮರುವರ್ಷ ಅಮೆರಿಕದ ಕಾರ್ಮಿಕ ಮಂಡಳಿಯ ವಕೀಲರು ಅಭಿಪ್ರಾಯ ಕೊಟ್ಟರು. ಸರಿ, ಆದರೆ ಅದನ್ನು ಓದಿ ನೊಂದ ಹೆಂಗಸರಿಗೆ ಇದರಿಂದ ಏನು ಸಿಕ್ಕಿತು? ಯಾವ ಆಫೀಸಿನಲ್ಲೇ ಆಗಲಿ, ಬರೆದವರು ಒಬ್ಬರು ಹೊರಗೆ ಹೋಗುತ್ತಾರೆ, ಹಾಗೇ ಯೋಚಿಸುವ ಉಳಿದವರು ಬಾಯಿ ಮುಚ್ಚಿಕೊಂಡು ಅದೇ ಮನಸ್ಸಿನಲ್ಲಿ ಇಂಟರ್‌ವ್ಯೂ ಮಾಡುತ್ತಾರೆ, ಅಪ್ರೈಸಲ್ ಬರೆಯುತ್ತಾರೆ.

ಮುಂಬಯಿಯ ಕನ್ನಡಿಗರಿಗೆ ಇದು ಹೊಸದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಅಂತ ದಕ್ಷಿಣದವರನ್ನು ಓಡಿಸುವ ಕೂಗು ಬೀದಿಯಲ್ಲಿತ್ತು. ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತಿಕೆಗೆ ಅರ್ಜಿ ಹಾಕಿದ ನಮ್ಮ ಹಿರಿಯರು ಆ ಕೂಗಿಗಿಂತ ಜಾಸ್ತಿ ಹೆದರುತ್ತಿದ್ದದ್ದು, ಅರ್ಜಿಯಲ್ಲಿ ಹೆಸರು ನೋಡಿದ ಕೂಡಲೇ ಪಕ್ಕಕ್ಕಿಡುವ ಸಾಹೇಬರಿಗೆ. ಆ ಸಾಹೇಬರು ಬಾಯಿಬಿಟ್ಟು ಏನೂ ಹೇಳಬೇಕಿರಲಿಲ್ಲ.

ಹಾಗಾಗಿ ನಾನು ಮೊದಲು ಕೇಳುವುದು, ಮಾತಾಡಿದವರ ಕೈಯಲ್ಲಿ ಬೇರೆ ಯಾರ ಅನ್ನ ಇದೆ ಅಂತ. ಯಾರ ಮೇಲೂ ಅಧಿಕಾರವಿಲ್ಲದ ಹೊಸ ಹುಡುಗ ಬರೆದಿದ್ದರೆ ಕರೆದು ಕೂರಿಸಿ ಮಾತಾಡಿ, ಎಚ್ಚರಿಕೆ ಕೊಡಿ. ಮ್ಯಾನೇಜರ್ ಬರೆದಿದ್ದರೆ ಅವತ್ತೇ ಇಂಟರ್‌ವ್ಯೂ, ಬಡ್ತಿ, ರಜೆಯ ಅಧಿಕಾರ ಅವರ ಕೈಯಿಂದ ತೆಗೆಯಿರಿ, ಅವರು ಹಿಂದೆ ತಳ್ಳಿಹಾಕಿದ ಅರ್ಜಿಗಳನ್ನು ಬೇರೆಯವರಿಂದ ಇನ್ನೊಮ್ಮೆ ನೋಡಿಸಿ. ಇದು ಕಂಪನಿಗೆ ಕಷ್ಟದ ಕೆಲಸ. ಒಬ್ಬರನ್ನು ತೆಗೆದು ಪ್ರಕಟಣೆ ಕೊಡುವುದು ಸುಲಭ, ಅಲ್ವಾ?

ಕೆಲಸದಿಂದ ತೆಗೆಯಲೇಬೇಕು ಅನ್ನಿಸಿದರೂ ವಿಚಾರಣೆ ಆಗಲಿ. ಮುಂಬಯಿಯ ಮಿಲ್ಲುಗಳ ಪ್ರದೇಶವಾದ ಗಿರಣಗಾಂವ್‌ನ ಕಾರ್ಮಿಕರಿಗೂ ಸ್ಥಾಯಿ ಆದೇಶಗಳಡಿ, ಅಂದರೆ ಕೆಲಸದ ಲಿಖಿತ ನಿಯಮಗಳಡಿ, ಚಾರ್ಜ್‌ಶೀಟು, ಉತ್ತರ ಕೊಡುವ ಅವಕಾಶ ಇತ್ತು. ಐರೋಲಿ, ಹಿಂಜವಡಿಯ ಐಟಿ ಕಂಪನಿಗಳ ಹುಡುಗರಿಗೆ ಒಂದು ಮೇಲ್ ಕಳಿಸಿ ಸಂಜೆಗೆ ಲ್ಯಾಪ್‌ಟಾಪ್ ವಾಪಸ್ ಕೇಳುವುದು ನ್ಯಾಯವಲ್ಲ.

ಸಹೋದ್ಯೋಗಿಯ ಹೆಸರು ಹಿಡಿದು ಬೆದರಿಸಿದರೆ, ಕಾಡಿದರೆ ಅದು ಅಭಿಪ್ರಾಯವೇ ಅಲ್ಲ. ಹೆಂಗಸರಿಗೆ ಲೈಂಗಿಕ ಕಿರುಕುಳ ಕೊಟ್ಟರೆ ದೂರು ಕೇಳಲು 2013ರ ಕಾಯ್ದೆಯ ಪ್ರಕಾರ ಹತ್ತು ಜನರಿರುವ ಆಫೀಸಿನಲ್ಲೂ ಆಂತರಿಕ ಸಮಿತಿ ಇರಲೇಬೇಕು. ಜಾತಿ, ಭಾಷೆಯ ಹೆಸರಲ್ಲಿ ಕಾಡಿಸಿಕೊಂಡವರಿಗೂ ಅಂಥದ್ದೊಂದು ಸಮಿತಿಯನ್ನು ಕಂಪನಿಗಳು ತಾವಾಗಿಯೇ ಮಾಡಲಿ.

— ಓದುಗ, ಡೊಂಬಿವಲಿ