ಕೇಬಲ್ ಟಿವಿ ಅಂತ ಬಾಗಿಲು ತಟ್ಟಿದರೆ ಸಹಿ ಹಾಕಬೇಡಿ

ಜರ್ಮನಿಯಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮ ಗುಂಪಿನವರಿಗೆಲ್ಲ ನಮಸ್ಕಾರ.

ಮೊನ್ನೆ ನಮ್ಮ ಮನೆಗೂ ಒಬ್ಬರು ಬಂದಿದ್ದರು. ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್. "ಹೊಸ ಕೇಬಲ್ ಒಪ್ಪಂದ ಮಾಡಿಕೊಳ್ಳಲೇಬೇಕು" ಅಂದರು. ಸುಳ್ಳು.

2024ರ ಜೂನ್ 30ರವರೆಗೆ ಮನೆ ಮಾಲೀಕರು ಕೇಬಲ್ ಟಿವಿ ದುಡ್ಡನ್ನು ಬಾಡಿಗೆ ಜೊತೆ ವಸೂಲಿ ಮಾಡುವ ಇತರ ಖರ್ಚಾದ ನೆಬೆನ್‌ಕೋಸ್ಟೆನ್‌ಗೆ ಸೇರಿಸಬಹುದಿತ್ತು. ಟಿವಿಯೇ ಇಲ್ಲದವರೂ ಕಟ್ಟುತ್ತಿದ್ದೆವು ನೋಡಿ! ಜುಲೈ 1ರಿಂದ ಅದು ನಿಂತಿದೆ. ಈಗ ಕೇಬಲ್ ಬೇಕೋ ಬೇಡವೋ ನಿಮ್ಮಿಷ್ಟ. ವರ್ಷದ ಲೆಕ್ಕದ ಪತ್ರ ಬಂದಾಗ ಆ ಸಾಲು ಇನ್ನೂ ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ಮಾಲೀಕರಿಗೆ ಬರೆದು ಕೇಳಿ.

ಕೇಬಲ್ ಬೇಡವಾದರೆ ಇಂಟರ್ನೆಟ್ ಮೂಲಕ ಟಿವಿ ನೋಡಬಹುದು. ಊರಿನಲ್ಲಿ ಸಿಗ್ನಲ್ ಚೆನ್ನಾಗಿದ್ದರೆ ಸಣ್ಣ ಆಂಟೆನಾ ಸಾಕು. ಬಾಲ್ಕನಿಯಲ್ಲಿ ಡಿಶ್ ಇಡುವವರು ಮಾಲೀಕರನ್ನು ಮೊದಲೇ ಕೇಳಿ, ಆಮೇಲೆ ಅದನ್ನು 19.2 ಡಿಗ್ರಿ ಪೂರ್ವದ ಆಸ್ಟ್ರಾ ಉಪಗ್ರಹದ ಕಡೆ ತಿರುಗಿಸಿ. ಹಳೆಯ, ಕಡಿಮೆ ಸ್ಪಷ್ಟತೆಯ ಎಸ್‌ಡಿ ಬಾಕ್ಸ್ ತರಬೇಡಿ. ಎಆರ್‌ಡಿ ಅನ್ನುವ ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2025ರ ಜನವರಿ 7ಕ್ಕೇ ಉಪಗ್ರಹದಲ್ಲಿ ಎಸ್‌ಡಿ ನಿಲ್ಲಿಸಿದೆ.

ಒಂದು ಗೊಂದಲ ಜಾಸ್ತಿ ಕೇಳುತ್ತಿದ್ದೇನೆ. ಸಾರ್ವಜನಿಕ ರೇಡಿಯೊ-ಟಿವಿಗೆ ಕಟ್ಟುವ ತಿಂಗಳ 18.36 ಯೂರೋ ರುಂಡ್‌ಫುಂಕ್‌ಬೈಟ್ರಾಗ್ ಬೇರೆ, ಕೇಬಲ್ ಶುಲ್ಕ ಬೇರೆ. ಮೊದಲನೆಯದು ಟಿವಿ ಇಲ್ಲದಿದ್ದರೂ ಮನೆಗೊಂದರಂತೆ ಕಟ್ಟಲೇಬೇಕು, ತಪ್ಪಿಸಿಕೊಳ್ಳಲು ಹೋಗಬೇಡಿ.

ಬಾಗಿಲಲ್ಲೇ ಸಹಿ ಹಾಕಿಬಿಟ್ಟವರು ಗಾಬರಿಯಾಗಬೇಡಿ. 14 ದಿನದೊಳಗೆ ರದ್ದು ಮಾಡಬಹುದು. ಫೋನ್ ಬೇಡ, ಬರವಣಿಗೆಯಲ್ಲೇ ಕಳಿಸಿ. ಪತ್ರದ ನಮೂನೆ ಬೇಕಾದವರು ಇಲ್ಲೇ ಹೇಳಿ, ಹಾಕುತ್ತೇನೆ.