ಅಧ್ಯಕ್ಷರ ಕುರ್ಚಿ ಏರುವ ಮೊದಲು ಒಂದು ಪರೀಕ್ಷೆ ಇರಲಿ

ಮಾನ್ಯ ಸಂಪಾದಕರೇ,

ಸಂಘ-ಸಂಸ್ಥೆಗಳ ಪದಾಧಿಕಾರಿಗಳನ್ನು ಆರಿಸುವಾಗ, ಅವರಿಗೆ ಸಭೆ ನಡೆಸುವ ನಿಯಮಗಳು ಗೊತ್ತಿವೆಯೇ ಎಂದು ಕೇಳುವವರು ಕಡಿಮೆ. ಅಧಿಕಾರ ವಹಿಸಿಕೊಳ್ಳುವ ಮುನ್ನ ಅವರಿಗೊಂದು ಚಿಕ್ಕ ಪರೀಕ್ಷೆ ಇರಬೇಕು. ವ್ಯಾಖ್ಯೆಗಳನ್ನು ಬಾಯಿಪಾಠ ಒಪ್ಪಿಸುವ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಸನ್ನಿವೇಶ ಕೊಟ್ಟು ‘ಈಗ ಏನು ಮಾಡುತ್ತೀರಿ?’ ಎಂದು ಕೇಳಬೇಕು. 1876ರಲ್ಲಿ ಮೊದಲು ಪ್ರಕಟವಾದ, ಸಭೆ ನಡೆಸುವ ನಿಯಮಗಳ ಪುಸ್ತಕ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಆಧರಿಸಿ ಕೆಲವು ಪ್ರಶ್ನೆಗಳು ಇಲ್ಲಿವೆ.

ಸದಸ್ಯರೊಬ್ಬರು ಕುಳಿತಲ್ಲಿಂದಲೇ ‘ಚರ್ಚೆ ಸಾಕು, ಮತಕ್ಕೆ ಹಾಕಿ’ ಎಂದು ಕೂಗುತ್ತಾರೆ. ಚರ್ಚೆ ನಿಂತಿತೇ? ಇಲ್ಲ. ಅವರು ಅಧ್ಯಕ್ಷರ ಅನುಮತಿ ಪಡೆದು, ಚರ್ಚೆ ಮುಗಿಸುವ ಗೊತ್ತುವಳಿಯನ್ನು, ಅಂದರೆ ಸಭೆಯ ತೀರ್ಮಾನಕ್ಕಿಡುವ ಪ್ರಸ್ತಾವವನ್ನು, ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಅದರ ಮೇಲೆ ಚರ್ಚೆಯಿಲ್ಲ, ನೇರ ಮತದಾನ. ಇತರರ ಮಾತಿನ ಹಕ್ಕನ್ನು ಮೊಟಕುಗೊಳಿಸುವ ಗೊತ್ತುವಳಿಯಾದ್ದರಿಂದ ಸರಳ ಬಹುಮತ ಸಾಲದು, ಚಲಾವಣೆಯಾದ ಮತಗಳಲ್ಲಿ ಮೂರನೇ ಎರಡರಷ್ಟು ಬೇಕು. ಲೆಕ್ಕ ಸುಲಭ: ಪರವಾದ ಮತ ವಿರೋಧದ ಎರಡರಷ್ಟಾದರೂ ಇರಬೇಕು. ಪರ 20, ವಿರೋಧ 10 ಆದರೆ ಗೆದ್ದಿತು; ಪರ 19, ವಿರೋಧ 10 ಆದರೆ ಬಿದ್ದಿತು. ತಟಸ್ಥರನ್ನು ಎಣಿಸುವಂತಿಲ್ಲ. ಗೆದ್ದ ಮೇಲೂ ಮುಖ್ಯ ಗೊತ್ತುವಳಿಗೆ ಪ್ರತ್ಯೇಕ ಮತದಾನ ಆಗಲೇಬೇಕು. ಚರ್ಚೆ ಮುಗಿಸಲೆಂದು ಎತ್ತಿದ ಕೈಗಳನ್ನೇ ಮುಖ್ಯ ಗೊತ್ತುವಳಿಯ ಪರ ಎಂದು ನಡಾವಳಿಯಲ್ಲಿ ಬರೆದರೆ, ಅದು ಸದಸ್ಯರಿಗೆ ಮಾಡಿದ ಅನ್ಯಾಯ.

ಹೆಚ್ಚು ಎಡವುವುದು ತಿದ್ದುಪಡಿಯಲ್ಲಿ. ‘50 ಕುರ್ಚಿ ಖರೀದಿಸಬೇಕು’ ಎಂಬ ಗೊತ್ತುವಳಿಗೆ ಒಬ್ಬರು ‘50ರ ಬದಲು 80’ ಎಂದು ತಿದ್ದುಪಡಿ ತರುತ್ತಾರೆ, ಮತ್ತೊಬ್ಬರು ಆ 80ನ್ನು 70 ಮಾಡಿ ಎನ್ನುತ್ತಾರೆ. ಮೊದಲ ಮತ ಯಾವುದಕ್ಕೆ? ಕೊನೆಗೆ ಬಂದದ್ದಕ್ಕೆ, ಅಂದರೆ 70 ಆಗಬೇಕೇ ಎಂಬುದಕ್ಕೆ. 70 ಗೆದ್ದರೆ, ಮುಂದಿನ ಮತ 50ರ ಬದಲು 70 ಇರಲೇ ಎಂಬುದಕ್ಕೆ. ಕಡೆಗೆ, ಕುರ್ಚಿ ಖರೀದಿಸಬೇಕೇ ಎಂಬುದಕ್ಕೇ ಮತ. ಈ ಕಡೆಯ ಹಂತವನ್ನೇ ಹಲವರು ಬಿಟ್ಟುಬಿಡುತ್ತಾರೆ. ತಿದ್ದುಪಡಿ ಅಂಗೀಕಾರವಾದರೆ ಗೊತ್ತುವಳಿ ಅಂಗೀಕಾರವಾದಂತಲ್ಲ. ತಿದ್ದುಪಡಿಯ ತಿದ್ದುಪಡಿಗೆ ಮೂರನೆಯ ತಿದ್ದುಪಡಿ ತರುವಂತಿಲ್ಲ. ಇನ್ನೊಂದು ವಿಷಯ: ಅಧ್ಯಕ್ಷರು ಗೊತ್ತುವಳಿಯನ್ನು ಸಭೆಯ ಮುಂದಿಟ್ಟ ಮೇಲೆ ಅದು ಸಭೆಯ ಸ್ವತ್ತು. ಅದನ್ನು ಮಂಡಿಸಿದವರು ‘ನನಗೆ ಒಪ್ಪಿಗೆ’ ಎಂದ ಮಾತ್ರಕ್ಕೆ ಅದರ ಒಂದು ಪದವೂ ಬದಲಾಗದು, ಸಭೆ ಒಪ್ಪಬೇಕು.

ಮತಗಳು ಸಮ ಬಂದರೆ? ಬಹುಮತ ಸಿಗದ ಕಾರಣ ಗೊತ್ತುವಳಿ ಬಿದ್ದುಹೋಗುತ್ತದೆ. ಅಧ್ಯಕ್ಷರು ಸದಸ್ಯರೂ ಆಗಿದ್ದು ಇನ್ನೂ ಮತ ಹಾಕಿರದಿದ್ದರೆ ಹಾಕಿ ಗೆಲ್ಲಿಸಬಹುದು, ಆದರೆ ಎರಡು ಸಲ ಹಾಕುವಂತಿಲ್ಲ. ಕ್ರಿಯಾಲೋಪ, ಅಂದರೆ ಸಭೆಯ ನಿಯಮ ಮುರಿದಿದೆ ಎಂಬ ಆಕ್ಷೇಪ, ಎತ್ತಲು ಅನುಮೋದಕರು ಬೇಡ, ಮಾತಿನ ಮಧ್ಯೆಯೂ ಎತ್ತಬಹುದು. ಆದರೆ ಸಾಮಾನ್ಯವಾಗಿ ಲೋಪವಾದ ಕೂಡಲೇ ಎತ್ತಬೇಕು.

ಸಭೆಯ ನಡುವೆ ಕೆಲವರು ಎದ್ದು ಹೋಗಿ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಇಲ್ಲವಾದರೆ? ಉಳಿದವರೆಲ್ಲ ಒಮ್ಮತದಿಂದ ‘ಮುಂದುವರಿಸಿ’ ಎಂದರೂ ನಿರ್ಣಯ ಕೈಗೊಳ್ಳುವಂತಿಲ್ಲ, ಏಕೆಂದರೆ ಕೋರಂ ಇರುವುದು ಗೈರುಹಾಜರಾದವರ ರಕ್ಷಣೆಗೆ. ಸದಸ್ಯರನ್ನು ಮರಳಿ ಕರೆತರಲು ಯತ್ನಿಸಬಹುದು, ವಿರಾಮ ಕೊಡಬಹುದು, ಮುಂದಿನ ಸಭೆಯ ಸಮಯ ಗೊತ್ತುಮಾಡಬಹುದು ಅಥವಾ ಸಭೆ ಮುಗಿಸಬಹುದು.

ಪರೀಕ್ಷೆಯನ್ನು ಪುಸ್ತಕ ತೆರೆದಿಟ್ಟುಕೊಂಡೇ ಬರೆಯಲಿ, ಆದರೆ ಪ್ರತಿ ಉತ್ತರಕ್ಕೂ ಕಾರಣ ಬರೆಯಬೇಕು. ಪ್ರಶ್ನೆಪತ್ರಿಕೆಯ ಜೊತೆ ಸಂಘದ ಬೈಲಾದ (ಸಂಘದ ಸ್ವಂತ ನಿಯಮಾವಳಿಯ) ಪ್ರತಿಯನ್ನೂ ಕೊಡಬೇಕು. ಕಾನೂನಾಗಲಿ ಬೈಲಾವಾಗಲಿ ಬೇರೆ ಹೇಳಿದ್ದರೆ, ಉದಾಹರಣೆಗೆ ಮತಗಳು ಸಮ ಬಂದಾಗ ಹಾಕುವ ಹೆಚ್ಚುವರಿ ನಿರ್ಣಾಯಕ ಮತವನ್ನು ಅಧ್ಯಕ್ಷರಿಗೆ ಕೊಟ್ಟಿದ್ದರೆ, ಮೇಲಿನ ಉತ್ತರವೂ ಬದಲಾಗುತ್ತದೆ.