ನಮ್ಮ ರಾತ್ರಿಗಳನ್ನು ಹಂಚಿಕೊಂಡವರಿಗೆ

ಪೋಷಕತ್ವ ಯೋಜನೆಯಲ್ಲಿ (ಮಗುವನ್ನು ದತ್ತು ಪಡೆಯದೆ, ಮನೆಯಲ್ಲಿಟ್ಟುಕೊಂಡು ಸಾಕುವ ವ್ಯವಸ್ಥೆ) ನಮ್ಮ ಮನೆಗೆ ಬಂದ ಹುಡುಗಿ ಈಗ ರಾತ್ರಿಯಿಡೀ ನಿದ್ದೆ ಮಾಡುತ್ತಿದ್ದಾಳೆ, ಸೋಮವಾರಪೇಟೆ ಕಡೆಯ ಈ ಜಡಿಮಳೆಯಲ್ಲೂ. ಅದಕ್ಕೆ ಕಾರಣರಾದವರನ್ನು ಎಲ್ಲರ ಮುಂದೆ ನೆನೆಯಬೇಕು ಅನ್ನಿಸಿತು. ಅವಳ ಹೆಸರು, ಫೋಟೊ ಇಲ್ಲಿಲ್ಲ. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಂ ಅದಕ್ಕೆ ಬಿಡುವುದಿಲ್ಲ, ನನಗೂ ಮನಸ್ಸಿಲ್ಲ.

ಮೊದಲ ನಮಸ್ಕಾರ ಆಪ್ತಸಮಾಲೋಚಕಿ ಮೇಡಂಗೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮನೆಯಿಂದ ಮನೆಗೆ ದಾಟಿ ಬಂದ ಮಗುವಿಗೆ ಕತ್ತಲಾದರೆ ಮೈಯೆಲ್ಲ ಕಿವಿಯಾಗುತ್ತದೆ, ಅದು ಹಟವಲ್ಲ ಎಂದು ಬಿಡಿಸಿ ಹೇಳಿದವರು ಅವರು. ಮಲಗಿದ ಒಂದೆರಡು ಗಂಟೆಯಲ್ಲಿ ಕಣ್ಣು ಬಿಟ್ಟುಕೊಂಡೇ ಚೀರುವ ಮಗುವಿಗೆ ಸಾಮಾನ್ಯವಾಗಿ ಎಚ್ಚರವೇ ಇರುವುದಿಲ್ಲವಂತೆ. ಅಲುಗಾಡಿಸಿ ಎಬ್ಬಿಸಬಾರದು, ಪೆಟ್ಟಾಗದಂತೆ ಪಕ್ಕದಲ್ಲಿದ್ದರೆ ಸಾಕು. ಬೆಳಗಿನ ಜಾವದ ಕೆಟ್ಟ ಕನಸು ಬೇರೆ. ಅದು ನೆನಪಿರುತ್ತದೆ, ಆಗ ಸಮಾಧಾನ ಬೇಕು. ದೀಪ ಇರಲೋ ಬೇಡವೋ, ಬಾಗಿಲು ಎಷ್ಟು ತೆರೆದಿರಲಿ, ಅವಳನ್ನೇ ಕೇಳಿ ಎಂದರು. ಆ ಕೇಳುವಿಕೆಯಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಪಕ್ಕದ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಅಣ್ಣ, ನಿಮ್ಮನ್ನು ಮರೆಯುವುದುಂಟೆ? ಆನೆ ಬಂದರೆ ಪಟಾಕಿ ಹೊಡೆಯಲೇಬೇಕು. ಹೊಡೆಯುವ ಮೊದಲು ನನಗೊಂದು ಫೋನ್ ಮಾಡುತ್ತಿದ್ದಿರಿ. ಸದ್ದಾಗುವಷ್ಟರಲ್ಲಿ ನಾನು ಅವಳ ಹತ್ತಿರ ಕೂತಿರುತ್ತಿದ್ದೆ. ಕರೆಂಟು ಹೋದ ರಾತ್ರಿಗಳಿಗೆಂದು ಬ್ಯಾಟರಿ ದೀಪ ತಂದುಕೊಟ್ಟ ಅಂಗಡಿಯವರಿಗೂ, ತರಗತಿಯಲ್ಲಿ ತೂಕಡಿಸಿದರೆ ಗದರದೆ ಮಲಗಲು ಬಿಟ್ಟ ಟೀಚರಿಗೂ ಧನ್ಯವಾದ.

ಪೋಷಕತ್ವದ ತಿಂಗಳ ತಪಾಸಣೆಗೆ ಬಂದವರೊಬ್ಬರು ಮಗುವಿನ ನಿದ್ದೆ ವಿಚಾರಿಸಿ, "ನಿಮ್ಮದು ಹೇಗಿದೆ ಅಕ್ಕ?" ಎಂದರು. ಅಲ್ಲಿಯತನಕ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸಾಕುವವರು ನಿದ್ದೆಗೆಟ್ಟರೆ ತಾಳ್ಮೆ ಕೆಡುತ್ತದೆ, ಅದು ಮಗುವಿಗೇ ತಟ್ಟುತ್ತದೆ. ಆಮೇಲೆ ನಮ್ಮ ಯಜಮಾನರು ನಡುರಾತ್ರಿಯವರೆಗಿನ ಸರದಿ ಹೊತ್ತರು. ಕುಶಾಲನಗರದ ನಾದಿನಿ ಹಗಲಲ್ಲಿ ಬಂದು ಅವಳೊಡನೆ ಆಡಿ, ಅವಳು ಒಗ್ಗಿಕೊಂಡ ಮೇಲೆಯೇ ಶನಿವಾರದ ರಾತ್ರಿಗಳನ್ನು ತನ್ನದಾಗಿಸಿಕೊಂಡಳು. ಆ ಶನಿವಾರಗಳ ಋಣ ದೊಡ್ಡದು.

ಪಕ್ಕದ ಊರಿನಲ್ಲೂ ಒಂದು ಮನೆಯವರು ಪೋಷಕತ್ವಕ್ಕೆ ಅರ್ಜಿ ಹಾಕಿದ್ದಾರಂತೆ. ರಾತ್ರಿ ಸರದಿಗೆ ನಾನೂ ನಾದಿನಿಯೂ ಇದ್ದೇವೆ, ಬಲ್ಲವರು ಅವರಿಗೆ ತಿಳಿಸಿ.